ತೂಬು ತೆಗೆಯಬೇಕಾ, ಮುಚ್ಚಬೇಕಾ: ಬಯಲುಸೀಮೆಯ ಒಂದು ಕೆರೆಯ ಪ್ರಕರಣ

ಕೆರೆ ಬತ್ತಿದ್ದಷ್ಟು ದಿನ ಈ ಊರಿನಲ್ಲಿ ನೀರಿನ ಜಗಳ ಇರಲಿಲ್ಲ. ಜಗಳ ಶುರುವಾಗಿದ್ದು ಕೆರೆ ತುಂಬಿದ ಮೇಲೆ. ಒಂದು ವರ್ಷ ಊರಿನ ಹಬ್ಬ ನಿಂತಿತು, ಡೇರಿ ಮುಂದೆ ಜನ ಎರಡು ಗುಂಪಾಗಿ ನಿಲ್ಲತೊಡಗಿದರು, ಒಂದು ರಾತ್ರಿ ಕೆರೆಯ ತೂಬಿಗೆ (ಗದ್ದೆಗೆ ನೀರು ಬಿಡುವ ಕಿಂಡಿಗೆ) ಕಾಂಕ್ರೀಟ್ ಬಿತ್ತು. ಆಮೇಲೆ ಅದೇ ಜನ ಕೂತು ಒಂದು ಒಪ್ಪಂದ ಮಾಡಿಕೊಂಡರು. ಬರ ಬಂದಾಗಲೂ ಅದು ಪೂರ್ತಿ ಮುರಿಯಲಿಲ್ಲ. ಇದೆಲ್ಲ ಹೇಗಾಯಿತು ಎಂಬುದನ್ನು ಬರೆದಿಡಬೇಕು ಅನ್ನಿಸಿತು. ಇಂಥದ್ದೇ ಕೆರೆ, ಇಂಥದ್ದೇ ಜಗಳ ಇರುವ ಊರುಗಳು ಆ ಸುತ್ತಿನಲ್ಲಿ ಬಹಳ ಇವೆ.

ಊರು ಅರಸೀಕೆರೆಗೂ ಕಡೂರಿಗೂ ನಡುವಿನ ಬಯಲಿನಲ್ಲಿದೆ. ಹಾಸನ ಜಿಲ್ಲೆಗೆ ಸೇರಿದ್ದೋ ಚಿಕ್ಕಮಗಳೂರಿಗೆ ಸೇರಿದ್ದೋ ಹೇಳುವುದಿಲ್ಲ. ಹೆಸರು, ಮನೆತನ ಬಿಟ್ಟಿದ್ದೇನೆ, ಗುರುತು ಸಿಗಬಹುದಾದ ಕೆಲವು ವಿವರ ಬದಲಿಸಿದ್ದೇನೆ. ಕೆರೆ ಕೆಲಸದ ಮೇಲೆ ಆ ಕಡೆ ಓಡಾಡುವ ನಾನು ಅಲ್ಲಿನ ಸಭೆಗಳಲ್ಲಿ ಕೂತು ಬರೆದುಕೊಂಡಿದ್ದು ಇದಕ್ಕೆ ಆಧಾರ.

ಊರು, ಕೆರೆ, ಹಳೇ ಕ್ರಮ

ಚಿಕ್ಕಮಗಳೂರು, ಹಾಸನ ಅಂದರೆ ಹೊರಗಿನವರಿಗೆ ಕಾಫಿ, ಮಲೆನಾಡು, ಮಳೆ. ಈ ಬಯಲಿಗೆ ಅದ್ಯಾವುದೂ ಇಲ್ಲ. ಇದು ಘಟ್ಟದ ಮಳೆನೆರಳು. ಇಲ್ಲಿ ರಾಗಿ, ತೆಂಗು, ಈಚೆಗೆ ಅಡಿಕೆ, ಮನೆಗೊಂದೆರಡು ಹಸು. ಕೊಬ್ಬರಿ ಅರಸೀಕೆರೆ ಅಥವಾ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ, ಹಾಲು ಬೆಳಗ್ಗೆ ಸಂಜೆ ಡೇರಿಗೆ.

ಕೆರೆಯ ಅಚ್ಚುಕಟ್ಟು, ಅಂದರೆ ಕೆರೆ ನೀರು ಹರಿಯುವ ಜಮೀನು, ಸುಮಾರು 80 ಎಕರೆ. 40 ಹೆಕ್ಟೇರಿಗಿಂತ (ಸುಮಾರು 100 ಎಕರೆ) ಜಾಸ್ತಿ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ, ಚಿಕ್ಕವು ಪಂಚಾಯ್ತಿ ಕಡೆ. ಹಾಗಾಗಿ ಇದು ಪಂಚಾಯ್ತಿ ಕೆರೆ. ಏರಿ (ಕೆರೆಯ ಕಟ್ಟೆ) ಕೆಳಗಿನ ಗದ್ದೆಗಳು ಬಹಳ ಸಣ್ಣ ತುಂಡುಗಳು: ಅರ್ಧ ಎಕರೆ, ಮುಕ್ಕಾಲು ಎಕರೆ. ಅದರಲ್ಲಿ ಕಾಲೋನಿಯವರದೂ, ಅಂದರೆ ದಲಿತರ ಕೇರಿಯವರದೂ, ಒಂದಷ್ಟಿದೆ. ಕೆರೆಯ ಹಿಂದೆ ಮತ್ತು ಎರಡೂ ಪಕ್ಕದ ಹೊಲಗಳಲ್ಲಿ ತೆಂಗಿನ ತೋಟ, ಬೋರ್‌ವೆಲ್. ಒಟ್ಟು 70ರ ಹತ್ತಿರ ಪಂಪ್‌ಸೆಟ್.

ಹಿಂದೆ ತೂಬು ತೆಗೆಯುವುದು, ಮುಚ್ಚುವುದು, ಗದ್ದೆಗೆ ಸರದಿ ಮೇಲೆ ನೀರು ಬಿಡುವುದು ನೀರುಗಂಟಿಯ ಕೆಲಸ. ಕಾಲೋನಿಯ ಒಂದೇ ಮನೆತನ ತಲೆಮಾರುಗಳಿಂದ ಅದನ್ನು ಮಾಡುತ್ತಿತ್ತು. ಪ್ರತಿಫಲವಾಗಿ ಒಂದಿಷ್ಟು ಇನಾಮು ಜಮೀನು, ಸುಗ್ಗಿಯಲ್ಲಿ ಕಣದಿಂದ ಆಯ ಎಂಬ ಕಾಳಿನ ಪಾಲು. 1961ರ ಕಾಯ್ದೆ ಬಂದು ಗ್ರಾಮದ ವಂಶಪಾರಂಪರ್ಯ ಹುದ್ದೆಗಳು ರದ್ದಾದವು. ಆಯ ಮಾತ್ರ ರೂಢಿಯಲ್ಲಿ ಇನ್ನಷ್ಟು ವರ್ಷ ನಡೆಯಿತು. 2001ರಿಂದ ಮೂರು ವರ್ಷ ಬಿದ್ದ ಬರದಲ್ಲಿ ಭತ್ತ ನಿಂತಿತು, ಕಣವೂ ನಿಂತಿತು, ಆಯವೂ ನಿಂತಿತು. ತೂಬಿನ ಕಡೆ ಆಮೇಲೆ ಯಾರೂ ತಿರುಗಿ ನೋಡಲಿಲ್ಲ.

ಅದೇ ಹೊತ್ತಿಗೆ ಬೋರ್‌ವೆಲ್ ಹೆಚ್ಚಿದವು. 2008ರಿಂದ 10 ಹೆಚ್‌ಪಿ ತನಕ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾದ ಮೇಲೆ ತಡೆಯೇ ಇಲ್ಲ. ಕೆರೆಯ ನೀರಿನ ಯೋಚನೆ ಹೋಗಿ ಭೂಮಿಯೊಳಗಿನ ನೀರಿನ ಯೋಚನೆ ಬಂತು. 2016, 2017ರ ಬರದಲ್ಲಿ ತೆಂಗಿನ ಸುಳಿ ಒಣಗಿ ಉದುರಿದ್ದನ್ನು ನೋಡಿದವರಿಗೆ ಒಂದೇ ಭಯ: ಬೋರ್ ಬತ್ತಿದರೆ ಮುಗೀತು. ನಲವತ್ತು ವರ್ಷದ ಮರ ಸತ್ತರೆ ಒಂದು ಮಳೆಗಾಲ ಅದನ್ನು ವಾಪಸ್ ತರುವುದಿಲ್ಲ, ಅಲ್ವಾ? ತೋಟದವರ ಹಟ ದುರಾಸೆ ಮಾತ್ರ ಅಲ್ಲ. ಇದನ್ನು ಒಪ್ಪಿಕೊಂಡೇ ಮುಂದೆ ಓದಬೇಕು.

ಆ ಬರದಲ್ಲೇ ಪಂಚಾಯ್ತಿ ಉದ್ಯೋಗ ಖಾತ್ರಿಯಲ್ಲಿ ಹೂಳು ತೆಗೆಸಿತು. ಕೂಲಿ ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ ಗೋಡು ಮಣ್ಣು (ಕೆರೆಯಿಂದ ತೆಗೆದ ಹೂಳು) ಹೋಗಿದ್ದು ಟ್ರ್ಯಾಕ್ಟರ್ ಇದ್ದವರ ತೋಟಕ್ಕೆ. ಗದ್ದೆಯವರಲ್ಲಿ ಟ್ರ್ಯಾಕ್ಟರ್ ಇದ್ದವರು ಕಡಿಮೆ. ಇನ್ನೊಂದು ವಿಷಯವನ್ನು ಆಗ ಯಾರೂ ಗಮನಿಸಲಿಲ್ಲ. ಅಗೆದಿದ್ದು ತೂಬಿನ ತಳಕ್ಕಿಂತ ಕೆಳಗೆ. ಅಲ್ಲಿ ನಿಂತ ನೀರು ತೂಬಿನಿಂದ ಎಂದೂ ಹೊರಗೆ ಬರುವುದಿಲ್ಲ. ಅದು ಇಂಗುತ್ತದೆ, ದನ ಕುಡಿಯುತ್ತವೆ, ಅಷ್ಟೆ. ಹೂಳೆತ್ತುವುದು ಎಲ್ಲರಿಗೂ ಒಳ್ಳೇದು ಅಂತ ನಡೆದ ಕೆಲಸ ಆಗಲೇ ಒಂದು ಕಡೆಯವರ ಪರ ನಿಂತುಬಿಟ್ಟಿತ್ತು.

ಕೆರೆ ತುಂಬಿತು

2021ರ ನವೆಂಬರ್ ಮಳೆಗೆ ಕೆರೆ ತುಂಬಿತು. ಗದ್ದೆಯವರು ಬೇಸಿಗೆ ಭತ್ತಕ್ಕೆ ಒಟ್ಲು (ಸಸಿಮಡಿ) ಹಾಕುವ ಮಾತೆತ್ತಿದರು. ಹದಿನೈದಿಪ್ಪತ್ತು ವರ್ಷದಿಂದ ಕುರುಚಲು ಬೆಳೆದಿದ್ದ ಗದ್ದೆಯನ್ನು ಕೆಲವರು ಸಾಲ ಮಾಡಿ ಹದ ಮಾಡಿಸಿದರು. ತೋಟದವರು ಕೇಳಿದ್ದು ಒಂದೇ ಪ್ರಶ್ನೆ: ಒಂದು ಬೆಳೆ ಭತ್ತಕ್ಕೆ ಕೆರೆ ಖಾಲಿ ಮಾಡಿ, ಮುಂದಿನ ವರ್ಷ ಮಳೆ ಬರದಿದ್ದರೆ ಬೋರ್‌ಗಳ ಗತಿ ಏನು?

ಎರಡೂ ಮಾತಿನಲ್ಲಿ ನ್ಯಾಯ ಇತ್ತು. ಅಚ್ಚುಕಟ್ಟಿನವರ ಹಕ್ಕು ದಾಖಲೆಯಲ್ಲಿದೆ, ಆ ಜಮೀನು ತರಿ (ನೀರಾವರಿ ಗದ್ದೆ) ಎಂದೇ ಬರೆದಿದೆ. ಬೋರ್‌ನವರದು ದಾಖಲೆಯಲ್ಲಿಲ್ಲ, ಆದರೆ ಊರಿನ ಜಾಸ್ತಿ ಆದಾಯ ಈಗ ಅಲ್ಲಿಂದಲೇ ಬರುತ್ತದೆ.

ಡಿಸೆಂಬರಿನ ಒಂದು ಬೆಳಗ್ಗೆ ನೋಡಿದರೆ ತೂಬಿನ ಬಾಯಿಗೆ ಕಾಂಕ್ರೀಟ್ ತುಂಬಿತ್ತು. ಯಾರು ಮಾಡಿದ್ದು ಎಂಬುದು ಊರಿಗೆಲ್ಲ ಗೊತ್ತು, ಯಾರೂ ಬಾಯಿಬಿಡಲಿಲ್ಲ. ಗದ್ದೆಯ ಹುಡುಗರು ಹಾರೆ ತಂದು ಒಡೆದರು. ಒಡೆಯುವಾಗ ಕಾಂಕ್ರೀಟ್ ಜೊತೆ ಹಳೇ ಕಲ್ಲಿನ ಅಂಚೂ ಒಡೆದು ತೂಬು ಸೋರತೊಡಗಿತು. ಈಗ ಬೇಕೆಂದರೂ ಪೂರ್ತಿ ಮುಚ್ಚಲು ಆಗದ ಸ್ಥಿತಿ. ದೂರು ಕೊಡಲು ಎರಡೂ ಕಡೆಯವರು ಠಾಣೆಯ ಬಾಗಿಲ ತನಕ ಹೋಗಿ ವಾಪಸ್ ಬಂದರು. ಕೇಸಾದರೆ ನಮ್ಮ ಮಕ್ಕಳೇ ಕೋರ್ಟಿಗೆ ಅಲೆಯಬೇಕು ಎಂದು ಎರಡೂ ಕಡೆಯ ತಾಯಂದಿರು ಹಿಡಿದು ನಿಲ್ಲಿಸಿದರು.

ಅರ್ಧ ನೀರಿನ ರಾಜಿ

ಜನವರಿಯಲ್ಲಿ ಹಿರಿಯರು ದೇವಸ್ಥಾನದ ಜಗಲಿ ಮೇಲೆ ಸೇರಿ ರಾಜಿ ಮಾಡಿದರು. ಅರ್ಧ ನೀರು ಗದ್ದೆಗೆ, ಅರ್ಧ ಕೆರೆಯಲ್ಲೇ ಇರಲಿ. ಕೇಳಲು ಎಷ್ಟು ಚೆನ್ನಾಗಿದೆ! ಅಳತೆಗೆ ಏರಿಯ ಒಳಮೈಯ ಕಲ್ಲು ಮೆಟ್ಟಿಲು. ಹನ್ನೆರಡು ಮೆಟ್ಟಿಲು ಮುಳುಗಿದ್ದವು, ಆರು ಕಾಣಿಸಿದ ದಿನ ತೂಬು ಮುಚ್ಚುವುದು.

ಆರು ಮೆಟ್ಟಿಲು ಕಾಣಿಸಿದ ದಿನ ಕೆರೆಯ ಹಿಂದಿನ ಅಂಗಳವೆಲ್ಲ ಒಣಗಿ ಬಿರುಕು ಬಿಟ್ಟಿತ್ತು. ನೀರು ಏರಿಯ ಬುಡಕ್ಕೆ ಬಂದು ನಿಂತಿತ್ತು. ತೋಟದವರು ಮೋಸ ಅಂದರು. ಗದ್ದೆಯವರು ಮೆಟ್ಟಿಲು ಎಣಿಸಿ ತೋರಿಸಿದರು. ಮೋಸ ಯಾರೂ ಮಾಡಿರಲಿಲ್ಲ. ನಮ್ಮ ಕೆರೆಗಳು ಅಗಲ ಬಾಯಿಯ ಬೋಗುಣಿಯಂತೆ, ಮೇಲೆ ಹರವು, ಕೆಳಗೆ ಸಣ್ಣದು. ಆಳ ಅರ್ಧಕ್ಕೆ ಇಳಿದಾಗ ನೀರು ಅರ್ಧ ಉಳಿದಿರುವುದಿಲ್ಲ, ಕಾಲು ಭಾಗ ಉಳಿದಿದ್ದರೆ ಹೆಚ್ಚು. ಹಿರಿಯರ ತೀರ್ಮಾನದಲ್ಲಿ ನಿಷ್ಠೆ ಇತ್ತು, ಅಳತೆ ತಪ್ಪಿತ್ತು. ಅಳತೆಯ ತಪ್ಪು ಒಂದೇ ತಿಂಗಳಲ್ಲಿ ನಂಬಿಕೆಯ ಪ್ರಶ್ನೆ ಆಗಿಬಿಟ್ಟಿತು.

ಭತ್ತಕ್ಕೂ ಕೊನೆಯ ನೀರು ಸಾಲಲಿಲ್ಲ. ಹಾಲುಗಾಳಿನಲ್ಲಿದ್ದ ಪೈರನ್ನು ಕೆಲವರು ದನಕ್ಕೆ ಕೊಯ್ದರು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಊರು ತುಂಬ ಕೆಟ್ಟಿದ್ದ ಹೊತ್ತು ಇದು. ಎರಡೂ ಕಡೆಯವರು ರಾಜಿಗೆ ಬಂದು, ಎರಡೂ ಕಡೆಯವರು ಸೋತಿದ್ದರು. ಹಿಂದಿನ ವರ್ಷ ಕೊರೊನಾಕ್ಕೆ ನಿಂತಿದ್ದ ಗ್ರಾಮದೇವತೆ ಹಬ್ಬ ಆ ವರ್ಷ ಜಗಳಕ್ಕೆ ನಿಂತಿತು. ವಂತಿಗೆ ಎತ್ತಲು ಹೋದವರಿಗೆ ಎರಡೂ ಕೇರಿಯಲ್ಲಿ ಒಂದೇ ಉತ್ತರ: ಮೊದಲು ಅವರ ಹತ್ತಿರ ತಗೊಂಡು ಬನ್ನಿ.

ಸಭೆಯ ಜಾಗ ಬದಲಾಯಿತು

ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಆ ಬೇಸಿಗೆಯಲ್ಲಿ ಒಂದು ಸಣ್ಣ ಕೆಲಸ ಮಾಡಿದರು. ಕೆರೆಯ ಸಭೆಯನ್ನು ದೇವಸ್ಥಾನದ ಜಗಲಿಯಿಂದ ಕಾಲೋನಿಯ ಸಮುದಾಯ ಭವನಕ್ಕೆ ಹಾಕಿದರು. ಜಗಲಿ ಮೇಲೆ ಸಭೆ ಆದಾಗ ಕಾಲೋನಿಯವರು ಕೆಳಗೆ, ಅಂಗಳದ ಅಂಚಿನಲ್ಲಿ ನಿಲ್ಲುತ್ತಿದ್ದರು. ಹೆಂಗಸರು ಬರುತ್ತಲೇ ಇರಲಿಲ್ಲ. ಜಾಗ ಬದಲಾಗಿದ್ದಕ್ಕೆ ಮೊದಲ ಸಭೆಗೆ ಕೆಲವು ಹಿರಿಯರು ಬರಲಿಲ್ಲ. ಎರಡನೆಯದಕ್ಕೆ ಬಂದರು, ಯಾಕೆಂದರೆ ಬರದಿದ್ದರೂ ಸಭೆ ನಡೆದುಬಿಟ್ಟಿತ್ತು.

ಅಲ್ಲಿ ಮೊದಲ ಸಲ ಬೇರೆ ಮಾತು ಕೇಳಿಸಿತು. ಜಮೀನೇ ಇಲ್ಲದ, ಎರಡು ಹಸು ಸಾಕಿ ಡೇರಿಗೆ ಹಾಲು ಹಾಕುವ ಹೆಂಗಸೊಬ್ಬರು ಎದ್ದು ಕೇಳಿದರು: “ನೀವು ಗದ್ದೆ ಗದ್ದೆ ಅಂತೀರಿ, ತೋಟ ತೋಟ ಅಂತೀರಿ. ಏಪ್ರಿಲ್ಲಿನಾಗೆ ದನ ಎಲ್ಲಿ ಕುಡೀಬೇಕು?” ಇನ್ನೊಬ್ಬರು ಮುಂದುವರಿಸಿದರು. ನೀರು ಇಂಗಲಿ, ತೂಬು ಮುಚ್ಚಿ ಅನ್ನುವವರಲ್ಲೇ ಕೆಲವರು ಕೆರೆಯಂಗಳಕ್ಕೇ ಮೋಟರ್ ಇಟ್ಟು ರಾತ್ರಿ ನೀರೆತ್ತುತ್ತಾರೆ, ಅದನ್ನು ಯಾಕೆ ಯಾರೂ ಮಾತಾಡಲ್ಲ?

ಸಭೆ ಗಪ್‌ಚಿಪ್ ಆಯಿತು. ಅಲ್ಲಿಯ ತನಕ ಜಗಳ ಇಬ್ಬರದಾಗಿತ್ತು. ಕೆರೆ ಬೇಕಾದವರು ಮೂರನೆಯವರೂ ಇದ್ದಾರೆ, ಅವರೇ ಊರಲ್ಲಿ ಜಾಸ್ತಿ ಇದ್ದಾರೆ ಎಂಬುದು ಆ ದಿನ ಕಾಣಿಸಿತು. ಸ್ವಂತ ಬೋರ್‌ನಿಂದ ಬದುಕುತ್ತಿದ್ದ ತೋಟದವರು ಮೋಟರ್ ಇಟ್ಟವರಿಂದ ದೂರ ಸರಿದರು. ಗುಂಪು ಎರಡಿದ್ದದ್ದು ಮೂರು ನಾಲ್ಕಾಯಿತು. ಮಾತುಕತೆಗೆ ದಾರಿ ಸಿಕ್ಕಿದ್ದು ಆಗ.

ಎರಡನೇ ತಿರುವು ಹಳೇ ನೀರುಗಂಟಿ ಮನೆತನದ ಹಿರಿಯರಿಂದ ಬಂತು. ಅರ್ಧ ನೀರಿನ ರಾಜಿ ಮಾಡುವಾಗ ಅವರನ್ನು ಯಾರೂ ಕೇಳಿರಲಿಲ್ಲ. ಅವರು ಎಲ್ಲರನ್ನೂ ತೂಬಿನ ಹತ್ತಿರ ಕರೆದುಕೊಂಡು ಹೋದರು. ತೂಬು ಅಂದರೆ ನೀರಿನಲ್ಲಿ ನೆಟ್ಟ ಎರಡು ಕಲ್ಲುಗಂಬ, ನಡುವೆ ಒಂದರ ಕೆಳಗೊಂದು ಮೂರು ಅಡ್ಡಗಲ್ಲು. ಪ್ರತಿ ಅಡ್ಡಗಲ್ಲಿನ ನಡುವೆ ತೂತು. ಆ ತೂತುಗಳ ಮೂಲಕ ಇಳಿಬಿಟ್ಟ ಮರದ ಕೋಲಿನ ತುದಿಯ ಬಿರಡೆ ತಳದ ಕಲ್ಲಿನ ಬಾಯಿಗೆ ಕೂರುತ್ತದೆ. ಹಿರಿಯರು ಕಂಬದ ಪಾಚಿ ಕೆರೆದು ಅಡ್ಡಗಲ್ಲುಗಳನ್ನು ಒಂದೊಂದಾಗಿ ತೋರಿಸಿದರು. ಮೇಲಿನದು ಮುಳುಗಿದ್ದರೆ ಅವರಪ್ಪ ಭತ್ತಕ್ಕೆ ಒಟ್ಲು ಹಾಕಿ ಎಂದು ಮನೆಮನೆಗೆ ಹೇಳಿ ಬರುತ್ತಿದ್ದರು. ನಡುವಿನದು ಮಾತ್ರ ಮುಳುಗಿದ್ದರೆ ಭತ್ತ ಇಲ್ಲ, ರಾಗಿಗೋ ಹೆಸರುಕಾಳಿಗೋ ಎರಡು ಮೂರು ನೀರು. ಕೆಳಗಿನದು ಕಂಡಿತೆಂದರೆ ಕೋಲು ಮುಟ್ಟುವ ಹಾಗಿಲ್ಲ, ಅದು ದನದ ನೀರು.

ಆ ಲೆಕ್ಕ ಬಂದಿದ್ದು ವರ್ಷವರ್ಷ ತೂಬು ಎಷ್ಟು ರಾತ್ರಿ ಹರಿಯಿತು ಎಂದು ಎಣಿಸಿದ ಅನುಭವದಿಂದ. ಬೋಗುಣಿಯ ಆಕಾರ ಅದರಲ್ಲಿ ತಾನಾಗಿ ಸೇರಿಕೊಂಡಿತ್ತು. ಊರ ಹಿರಿಯರು ಜಗಲಿ ಮೇಲೆ ಕೂತು ತಪ್ಪಿದ್ದನ್ನು ನೀರುಗಂಟಿ ಮನೆಯವರು ರಾತ್ರಿಗಳ ಲೆಕ್ಕದಲ್ಲಿ ಸರಿಯಾಗಿ ಹಿಡಿದಿದ್ದರು. ಹೂಳೆತ್ತಿದ ಮೇಲೆ ಕೆಳಗಿನ ನೀರು ಇನ್ನಷ್ಟು ಜಾಸ್ತಿಯಾಗಿದೆ, ಹಾಗಾಗಿ ಮೂರನೇ ಗುರುತನ್ನು ಸ್ವಲ್ಪ ತಗ್ಗಿಸಬಹುದು ಎಂದೂ ಅವರೇ ಹೇಳಿದರು. ಅದರಿಂದ ಗದ್ದೆಗೆ ಒಂದೆರಡು ಸರದಿ ನೀರು ಹೆಚ್ಚು ಸಿಕ್ಕಿತು.

ಒಪ್ಪಂದ

ಜೂನ್ ಹೊತ್ತಿಗೆ ಮೂರು ಗುರುತಿಗೆ ಬಣ್ಣ ಬಳಿದರು. ಗುರುತು ನೋಡಿ ತೂಬು. ಪ್ರತಿ ವರ್ಷ ಕೂತು ಜಗಳ ಆಡುವುದು ಬೇಡ. ಕೆರೆಗೆ ಮೋಟರ್ ಇಡುವಂತಿಲ್ಲ. ಮೀನು ಹರಾಜಿನ ದುಡ್ಡು ಪಂಚಾಯ್ತಿಗೇ ಹೋಗುತ್ತದೆ, ಅದರಷ್ಟನ್ನು ತೂಬಿನ ರಿಪೇರಿಗೆ ಇಡಲು ಪಂಚಾಯ್ತಿ ಒಪ್ಪಿತು.

ಕಷ್ಟದ ಪ್ರಶ್ನೆ ದುಡ್ಡಿನದು. ತೂಬು ಮುಚ್ಚಿದ ವರ್ಷ ಗದ್ದೆಯವರ ಬೆಳೆ ಹೋಗುತ್ತದೆ, ಬೋರ್‌ನವರ ನೀರು ಉಳಿಯುತ್ತದೆ. ಹಾಗಾದರೆ ಉಳಿದವರು ಹೋದವರಿಗೆ ಏನಾದರೂ ಕೊಡಬೇಕಲ್ಲ? “ನನ್ನ ಜಮೀನಿನ ನೀರಿಗೆ ನಾನ್ಯಾಕೆ ದುಡ್ಡು ಕೊಡಲಿ” ಎಂದು ಒಬ್ಬರು ಕೇಳಿದರು. ಅದಕ್ಕೆ ಇನ್ನೊಬ್ಬ ತೋಟದವರೇ ಉತ್ತರ ಕೊಟ್ಟರು: ನಿನ್ನ ಜಮೀನಿನದೇ ಆದ್ರೆ ತೂಬು ತೆಗೆದರೆ ನಿನಗ್ಯಾಕೆ ಭಯ? ಕೊನೆಗೆ ತೂಬು ಮುಚ್ಚಿದ ವರ್ಷ ಪಂಪ್‌ಸೆಟ್ಟಿಗೆ 2,000 ರೂಪಾಯಿ ಎತ್ತುವುದು, ಗದ್ದೆಗೆ ಎಕರೆಗೆ 1,500 ಕೊಡುವುದು ಎಂದಾಯಿತು. ಭತ್ತದ ಲೆಕ್ಕದಲ್ಲಿ ಇದು ಏನೂ ಅಲ್ಲ. ಆದರೆ ನಿನ್ನ ನಷ್ಟ ನನಗೆ ಕಾಣುತ್ತಿದೆ ಎಂದು ಒಪ್ಪಿಕೊಂಡ ದುಡ್ಡು ಅದು. ಗದ್ದೆಯವರು ಅದನ್ನು ಹಾಗೇ ತೆಗೆದುಕೊಂಡರು.

ನೀರುಗಂಟಿ ಕೆಲಸಕ್ಕೆ ಆ ಹಳೇ ಮನೆತನದ ಹಿರಿಯರ ಮೊಮ್ಮಗನನ್ನು ಕೇಳಿದರು. ಪಿಯುಸಿ ಓದಿದ ಹುಡುಗ. ಒಪ್ಪಿದ, ಎರಡು ಷರತ್ತು ಇಟ್ಟು. ಆಯ, ಕಣದ ಕಾಳು, ಹಬ್ಬದ ಬಟ್ಟೆ ಯಾವುದೂ ಬೇಡ, ಸಂಬಳ ಬ್ಯಾಂಕಿಗೆ ಹಾಕಿ. ಎರಡನೆಯದು, ಈ ಕೆಲಸ ನಮ್ಮ ಕೇರಿಯದು ಮಾತ್ರ ಅನ್ನಿಸಿಕೊಳ್ಳಬಾರದು, ಊರ ಕಡೆಯಿಂದಲೂ ಒಬ್ಬರು ನನ್ನ ಜೊತೆ ಇರಬೇಕು. ಎರಡನೇ ಷರತ್ತಿಗೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ತೋಟದವರ ಮನೆಯ ಒಬ್ಬ ಹುಡುಗ ನಾನು ಬರ್ತೀನಿ ಅಂದ. ಹಳೇ ಜ್ಞಾನವನ್ನು ಉಳಿಸಿಕೊಳ್ಳುವುದು, ಅದರ ಜೊತೆ ಬಂದ ಹಳೇ ಅವಮಾನವನ್ನು ಬಿಡುವುದು, ಎರಡನ್ನೂ ಆ ಹುಡುಗ ಒಂದೇ ಮಾತಿನಲ್ಲಿ ಮಾಡಿದ. ಈ ಪ್ರಕರಣದಲ್ಲಿ ನನಗೆ ತುಂಬ ಗೌರವ ಇರುವುದು ಆ ಷರತ್ತಿನ ಮೇಲೆ.

ಪರೀಕ್ಷೆ

2022 ಒಪ್ಪಂದವನ್ನು ಪರೀಕ್ಷೆ ಮಾಡಲೇ ಇಲ್ಲ. ಆ ವರ್ಷ ಎಲ್ಲೆಲ್ಲೂ ನೀರು. ಕಡೂರು ಬಯಲಿನಲ್ಲಿ ಹರಿದು ಹೋಗುವ ವೇದಾವತಿ ಮುಂದೆ ಸೇರುವ ವಾಣಿವಿಲಾಸ ಸಾಗರ 1933ರ ನಂತರ ಆ ಸೆಪ್ಟೆಂಬರಿನಲ್ಲೇ ಕೋಡಿ ಬಿದ್ದಿದ್ದು. ಈ ಊರಿನ ಕೆರೆಯೂ ಕೋಡಿ ಹರಿಯಿತು. ಭತ್ತ ಬಂತು, ಬೋರ್ ತುಂಬಿದವು, ಮರುವರ್ಷ ಹಬ್ಬವೂ ಆಯಿತು.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷ ಅದು. ಕೆರೆಯ ನೀರು ಕೆಳಗಿನ ಗುರುತಿಗೂ ಇಳಿಯಿತು. ತೂಬು ತೆಗೆಯಲಿಲ್ಲ, ಯಾರೂ ತೆಗೆಯಿರಿ ಎಂದು ಕೇಳಲೂ ಇಲ್ಲ. ಗದ್ದೆಯವರು ಮಾತು ಉಳಿಸಿಕೊಂಡರು.

ದುಡ್ಡು ಕೊಡುವ ಸರದಿ ತೋಟದವರದು. ಅರ್ಧದಷ್ಟು ಜನ ಕೊಟ್ಟರು. ಕೊಡದವರಲ್ಲಿ ದೊಡ್ಡ ತೋಟದವರೇ ಜಾಸ್ತಿ. 70,000 ರೂಪಾಯಿಯ ಹತ್ತಿರ ಸೇರಿತು, ಬೇಕಾಗಿದ್ದು ಅದರ ಎರಡರಷ್ಟು. ಒಪ್ಪಂದ ನೋಡಿಕೊಳ್ಳುವ ಕೆರೆ ಸಮಿತಿ ಮುಂದೆ ಎರಡು ದಾರಿ ಇದ್ದವು. ನೀರುಗಂಟಿಗಳ ಸಂಬಳ ಕಳೆದು ಉಳಿದದ್ದನ್ನು ಎಲ್ಲರಿಗೂ ಹಂಚಿದರೆ ಎಕರೆಗೆ ಆರುನೂರು ಚಿಲ್ಲರೆ ಬರುತ್ತಿತ್ತು, ಯಾರಿಗೂ ಸಾಲದು. ಅವರು ಹಾಗೆ ಮಾಡಲಿಲ್ಲ. ಮೊದಲು ಇಬ್ಬರು ನೀರುಗಂಟಿಗಳ ಸಂಬಳ 20,000 ತೆಗೆದಿಟ್ಟರು. ಉಳಿದದ್ದರಲ್ಲಿ ಒಂದು ಎಕರೆಗಿಂತ ಕಡಿಮೆ ಗದ್ದೆ ಇರುವವರಿಗೆ ಒಪ್ಪಿದಷ್ಟೂ ಕೊಟ್ಟರು. ಅದಕ್ಕಿಂತ ಜಾಸ್ತಿ ಇರುವವರಿಗೆ ಏನೂ ಇಲ್ಲ. ದೊಡ್ಡ ಗದ್ದೆಯವರು ಗೊಣಗಿದರು. ಅವರಲ್ಲಿ ಕೆಲವರು ಬೆಂಗಳೂರಿನಲ್ಲಿದ್ದಾರೆ, ಸಭೆಗೆ ಬಂದವರಲ್ಲ. ಈ ಹಂಚಿಕೆಯಿಂದಲೇ ಒಪ್ಪಂದ ಉಳಿಯಿತು ಎಂದು ನಾನು ನಂಬುತ್ತೇನೆ. ಮಾತು ತಪ್ಪಿದವರ ಕಾರಣಕ್ಕೆ ಕೈಬಿಟ್ಟಿದ್ದರೆ ಮೊದಲು ಮುರಿದು ಹೊರಗೆ ಹೋಗುತ್ತಿದ್ದವರು ಆ ಸಣ್ಣ ಗದ್ದೆಯವರೇ.

ಒಬ್ಬರು ಮಾರ್ಚಿನಲ್ಲಿ ಕೆರೆಗೆ ಮೋಟರ್ ಇಳಿಸಿದರು. ಇಬ್ಬರು ನೀರುಗಂಟಿಗಳೂ ಒಟ್ಟಿಗೆ ಹೋಗಿ ತೆಗೆಸಿದರು. ಕಾಲೋನಿಯ ಹುಡುಗ ಒಬ್ಬನೇ ಹೋಗಿದ್ದರೆ ಅದು ಬೇರೆಯೇ ಗಲಾಟೆ ಆಗುತ್ತಿತ್ತು. ಆ ಷರತ್ತಿನ ಬೆಲೆ ಊರಿಗೆ ಅವತ್ತು ತಿಳಿಯಿತು. ಮೇ ತನಕ ಕೆರೆಯಲ್ಲಿ ದನಕ್ಕೆ ನೀರಿತ್ತು. ಬೇಸಿಗೆಯಲ್ಲಿ ಹಸು ಮಾರಬೇಕಾದ ಸ್ಥಿತಿ ಕಾಲೋನಿಯ ಮನೆಗಳಿಗೆ ಆ ವರ್ಷ ಬರಲಿಲ್ಲ.

ದುಡ್ಡು ಕೊಡದವರನ್ನು ಏನು ಮಾಡುವುದು? ಭೂಮಿಯೊಳಗೆ ಇಂಗುವ ನೀರು ಕೊಟ್ಟವನು ಕೊಡದವನು ಎಂದು ನೋಡುವುದಿಲ್ಲ. ಸಮಿತಿ ಹಿಡಿದದ್ದು ಗೋಡು ಮಣ್ಣಿನ ದಾರಿ. ಬೇಸಿಗೆಯಲ್ಲಿ ಅಂಗಳದ ಮಣ್ಣು ಹೊಡೆಯಲು ಚೀಟಿ ಬೇಕು, ಚೀಟಿ ಬೇಕೆಂದರೆ ಬಾಕಿ ತೀರಿಸಬೇಕು. ಐದಾರು ಜನ ತೀರಿಸಿದರು. ಎಲ್ಲರೂ ಅಲ್ಲ.

ಬೇರೆ ಊರಿನವರು ನೋಡಬೇಕಾದದ್ದು

ಕೆರೆ ಸಮಿತಿ ಮಾಡುವವರು ಸಾಮಾನ್ಯವಾಗಿ ಶುರು ಮಾಡುವುದು ಹೂಳೆತ್ತುವುದರಿಂದ. ಇಲ್ಲಿ ಕಂಡಿದ್ದು, ಅಗೆಯುವ ಮೊದಲು ತೂಬಿನ ತಳ ಎಲ್ಲಿದೆ, ಅದಕ್ಕಿಂತ ಕೆಳಗಿನ ನೀರು ಯಾರಿಗೆ ಎಂದು ಸಭೆಯಲ್ಲಿ ಮಾತಾಡಬೇಕು. ಇಲ್ಲದಿದ್ದರೆ ಜೆಸಿಬಿ ಚಾಲಕನೇ ಊರಿನ ಪರವಾಗಿ ತೀರ್ಮಾನ ಮಾಡಿಬಿಡುತ್ತಾನೆ. ಹಾಗೇ, ಪಾಲು ಹೇಳುವ ಮೊದಲು ಅಳತೆ ಬೇಕು. ಅರ್ಧ, ಮುಕ್ಕಾಲು ಎಂಬ ಮಾತು ಸುಮ್ನೆ ಜಗಳಕ್ಕೆ ದಾರಿ. ಕಣ್ಣಿಗೆ ಕಾಣುವ ಒಂದು ಗುರುತು, ಅದನ್ನು ನೋಡಲು ಸಂಬಳ ಪಡೆಯುವ ಇಬ್ಬರು, ಇಷ್ಟು ಇದ್ದರೆ ಊರ ಹಿರಿಯರ ಮೇಲಿನ ಹೊರೆ ಎಷ್ಟೋ ಇಳಿಯುತ್ತದೆ. ನೀರು ಯಾರಿಗೆ ಎಂದು ಕೇಳುವಾಗ ಪಹಣಿ ಇರುವವರನ್ನು ಮಾತ್ರ ಕರೆದರೆ ಉತ್ತರ ಎರಡೇ ಬರುತ್ತದೆ. ಹಸು ಕಟ್ಟಿದವರನ್ನೂ ಕರೆಯಬೇಕು.

2024ರಲ್ಲಿ ಮಳೆ ಚೆನ್ನಾಗಿ ಆಯಿತು, ನೀರು ಮೇಲಿನ ಗುರುತು ದಾಟಿತು, ತೂಬು ತೆಗೆದರು. ಆದರೆ ಗದ್ದೆಯಲ್ಲೇ ಈಗ ಹೊಸ ತಕರಾರು. ಅಚ್ಚುಕಟ್ಟಿನ ಹತ್ತು ಹನ್ನೆರಡು ಎಕರೆಯಲ್ಲಿ ಅಡಿಕೆ ಸಸಿ ಎದ್ದಿವೆ. ಭತ್ತಕ್ಕೆ ಕಾಳು ಬಲಿಯುವ ತನಕ ನೀರು ನಿಲ್ಲಬೇಕು. ಅಡಿಕೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಆದರೆ ಬೇಸಿಗೆ ಪೂರ್ತಿ ಸ್ವಲ್ಪಸ್ವಲ್ಪ ಬೇಕೇ ಬೇಕು. ಪಕ್ಕದ ಭತ್ತದ ಗದ್ದೆಯ ಬಸಿನೀರು ಅಡಿಕೆಗೆ ಬರುತ್ತಿದೆ ಎಂದು ಒಬ್ಬರು, ಬಸಿಗಾಲುವೆ ತೋಡಿ ನಮ್ಮ ಗದ್ದೆಯ ನೀರು ಇಳಿಸಿಬಿಟ್ಟರು ಎಂದು ಇನ್ನೊಬ್ಬರು. ಮೂರು ಗುರುತಿನ ಲೆಕ್ಕ ಇದ್ದದ್ದು ಗದ್ದೆಯಲ್ಲಿ ಭತ್ತ, ರಾಗಿ ಇರುತ್ತವೆ ಎಂಬ ಮೇಲೆ. ಅಡಿಕೆಗೆ ಅದರಲ್ಲಿ ಜಾಗ ಇಲ್ಲ. ಅಡಿಕೆ ಹಾಕಿದವರಲ್ಲಿ ಇಬ್ಬರು ಸಮಿತಿಯಲ್ಲೇ ಇದ್ದಾರೆ. ಈ ವಿಷಯ ಚರ್ಚೆಗೆ ಬಂದಾಗ ಅವರು ಕೂರಬೇಕೋ ಎದ್ದು ಹೋಗಬೇಕೋ ಎಂಬುದು ಮುಂದಿನ ಸಭೆಯ ಮೊದಲ ವಿಷಯ.